ಭೋಗ, ಶ್ರದ್ಧೆ, ಬಾಂಧವ್ಯ: ಸೇಲಂ–ಧರ್ಮಪುರಿ ಸೀಮೆಯ ಒಂದು ನಿದರ್ಶನ

‘ಭೋಗಜೀವನವು ಧಾರ್ಮಿಕ ಶ್ರದ್ಧೆಯನ್ನೂ ಸಾಮಾಜಿಕ ಬಾಂಧವ್ಯವನ್ನೂ ಶಿಥಿಲಗೊಳಿಸುತ್ತದೆಯೇ?’ ಎಂಬುದು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಪ್ರಬಂಧದ ವಿಷಯವಾಗಿ ಎದುರಾಗಬಹುದಾದ ಪ್ರಶ್ನೆ. ಇಂಥ ಪ್ರಶ್ನೆಗೆ ಬರುವ ಉತ್ತರಗಳು ಸಾಮಾನ್ಯವಾಗಿ ಒಂದೇ ಜಾಡಿನಲ್ಲಿ ಸಾಗುತ್ತವೆ. ಹಿಂದೆ ಜನರು ಸರಳರಾಗಿದ್ದರು, ದೈವಭೀರುಗಳಾಗಿದ್ದರು, ಕೂಡಿ ಬಾಳುತ್ತಿದ್ದರು. ಸುಖಸಾಧನಗಳು ಹೆಚ್ಚಿದಂತೆ ಗುಡಿಗಳು ಬರಿದಾದವು, ಮನೆಗಳು ಒಡೆದವು ಎಂಬುದು ಆ ಜಾಡು. ಕೇಳುವುದಕ್ಕೆ ಹಿತವಾದ ಮಾತು. ಆದರೆ ಅದನ್ನು ಒಂದು ನಿರ್ದಿಷ್ಟ ಪ್ರದೇಶದ, ನಿರ್ದಿಷ್ಟ ಕಾಲದ, ನಿರ್ದಿಷ್ಟ ಭೋಗದ ಮುಂದೆ ನಿಲ್ಲಿಸಿ ಪರೀಕ್ಷಿಸಿದಾಗ ಪ್ರಶ್ನೆಯೊಳಗಿನ ತೊಡಕು ಗೋಚರಿಸುತ್ತದೆ. ‘ಶ್ರದ್ಧೆಯನ್ನೂ ಬಾಂಧವ್ಯವನ್ನೂ’ ಎಂಬಲ್ಲಿರುವ ಸಮುಚ್ಚಯದ ‘ಊ’ಕಾರವು ಎರಡು ಬೇರೆ ಸಂಗತಿಗಳನ್ನು ಒಂದೇ ನೊಗಕ್ಕೆ ಕಟ್ಟಿದೆ. ಒಂದು ಕುಸಿದರೆ ಇನ್ನೊಂದೂ ಕುಸಿಯಲೇಬೇಕೆಂಬ ಭಾವನೆಯನ್ನು ವ್ಯಾಕರಣವೇ ಹುಟ್ಟಿಸುತ್ತದೆ. ಸೇಲಂ ಮತ್ತು ಧರ್ಮಪುರಿ ಸೀಮೆಯ ಚರಿತ್ರೆಯಲ್ಲಿ, ಅದರಲ್ಲಿಯೂ ೧೯೩೭ರಲ್ಲಿ ಅಲ್ಲಿ ಜಾರಿಗೆ ಬಂದ ಪಾನನಿಷೇಧದ ಪ್ರಸಂಗದಲ್ಲಿ, ಈ ನೊಗ ಬಿಚ್ಚಿಕೊಳ್ಳುತ್ತದೆ.

ಮೊದಲು ‘ಭೋಗ’ ಎಂಬ ಶಬ್ದವನ್ನು ಕುರಿತು ಒಂದೆರಡು ಮಾತು. ಇಂದಿನ ಬಳಕೆಯಲ್ಲಿ ಅದಕ್ಕೊಂದು ಕಳಂಕ ಅಂಟಿಕೊಂಡಿದೆ. ಭೋಗಿಯೆಂದರೆ ಯೋಗಿಯ ಎದುರಾಳಿ. ಶಾಸನಗಳ ಕನ್ನಡ ಹಾಗಲ್ಲ. ದೇವಾಲಯಗಳಿಗೆ ಬಿಟ್ಟ ದತ್ತಿಗಳಲ್ಲಿ ಎಷ್ಟೋ ‘ಅಂಗಭೋಗ ರಂಗಭೋಗ’ಕ್ಕೆಂದೇ ಬಿಟ್ಟವು. ದೇವರ ಅಭಿಷೇಕ, ಗಂಧ, ಹೂವು, ದೀಪ, ನೈವೇದ್ಯಗಳು ಅಂಗಭೋಗ. ಗೀತ, ವಾದ್ಯ, ನೃತ್ಯಗಳು ರಂಗಭೋಗ. ಭೂಮಿಯ ಒಡೆತನವನ್ನು ಹೇಳುವಾಗಲೂ ‘ಅಷ್ಟಭೋಗ ತೇಜಸ್ವಾಮ್ಯ’ ಎಂಬ ಮಾತು ಬರುತ್ತದೆ. ಕಣ್ಣಿಗೆ, ಕಿವಿಗೆ, ನಾಲಗೆಗೆ ಹಿತವಾದುದನ್ನೆಲ್ಲ ಮೊದಲು ದೇವರಿಗೆ ಸಲ್ಲಿಸಿ, ಅನಂತರ ಊರು ಹಂಚಿಕೊಳ್ಳುವುದು ಆ ವ್ಯವಸ್ಥೆ. ಭೋಗವು ಅಲ್ಲಿ ಶ್ರದ್ಧೆಯ ವಿರೋಧಿಯಲ್ಲ, ಅದರ ಭಾಷೆ.

ಧರ್ಮಪುರಿಯ ಹಳೆಯ ಹೆಸರು ತಗಡೂರು. ತಮಿಳಿನ ಸಂಗಂ ಸಾಹಿತ್ಯದಲ್ಲಿ ಅದಿಯಮಾನ್ ಎಂಬ ದೊರೆಯ ಊರಾಗಿ ಪ್ರಸಿದ್ಧವಾದ ಈ ಸ್ಥಳ ಒಂಬತ್ತನೆಯ ಶತಮಾನದಲ್ಲಿ ನೊಳಂಬರ ಅಧೀನದಲ್ಲಿತ್ತು. ಅಲ್ಲಿ ದೊರೆತ ಶಕ ೮೧೫ರ, ಎಂದರೆ ಕ್ರಿ.ಶ. ೮೯೩ರ ಶಾಸನವೊಂದು, ನಿಧಿಯಣ್ಣ ಮತ್ತು ಚಂದಿಯಣ್ಣ ಎಂಬವರು ತಗಡೂರಿನಲ್ಲಿ ಬಸದಿಯನ್ನು ಕಟ್ಟಿಸಿದ್ದನ್ನೂ ಅದಕ್ಕೆ ನೊಳಂಬ ಮಹೇಂದ್ರನಿಂದ ಮೂಲಪಳ್ಳಿ ಎಂಬ ಗ್ರಾಮ ದೊರೆತದ್ದನ್ನೂ ದಾಖಲಿಸುತ್ತದೆ. ಸರ್ವಸಂಗಪರಿತ್ಯಾಗವನ್ನು ಬೋಧಿಸುವ ಮುನಿಗಳ ನೆಲೆ ನಿಂತದ್ದು ಗಳಿಸಿ ಬಾಳಿದ ಗೃಹಸ್ಥರ ಸಂಪತ್ತಿನ ಮೇಲೆ. ತ್ಯಾಗಿಗೆ ಭೋಗಿಯ ಆಸರೆ ಬೇಕು, ಭೋಗಿಗೆ ತ್ಯಾಗಿಯ ಆಶೀರ್ವಾದ ಬೇಕು. ಈ ಕೊಡುಕೊಳ್ಳುವಿಕೆಯನ್ನು ಬಿಟ್ಟು ಧರ್ಮದ ಚರಿತ್ರೆಯನ್ನು ಬರೆಯಲಾಗದು.

ಪ್ರದೇಶದ ಎಲ್ಲೆಗಳನ್ನು ಕುರಿತು ಒಂದು ಸ್ಪಷ್ಟನೆ ಅಗತ್ಯ. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನಿಂದ ಬಾರಾಮಹಲ್ ಮತ್ತು ಸೇಲಂ ಸೀಮೆಗಳು ಇಂಗ್ಲಿಷರ ಕೈಸೇರಿದವು. ಹೊಸೂರಿನ ಕಡೆಯ ಭಾಗ ೧೭೯೯ರ ಅನಂತರ ಸೇರಿತು. ಹೀಗೆ ರೂಪುಗೊಂಡ ಹಳೆಯ ಸೇಲಂ ಜಿಲ್ಲೆಯಲ್ಲಿ ಇಂದಿನ ಧರ್ಮಪುರಿ, ಕೃಷ್ಣಗಿರಿ, ಹೊಸೂರು, ನಾಮಕ್ಕಲ್, ತಿರುಚ್ಚೆಂಗೋಡುಗಳೆಲ್ಲ ಅಡಕವಾಗಿದ್ದವು. ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾದದ್ದು ೧೯೬೫ರಲ್ಲಿ. ಅದರಿಂದ ಕೃಷ್ಣಗಿರಿ ಬೇರ್ಪಟ್ಟದ್ದು ೨೦೦೪ರಲ್ಲಿ. ಆದ್ದರಿಂದ ೧೯೩೭ರ ‘ಸೇಲಂ ಜಿಲ್ಲೆ’ ಎಂದರೆ ಮೈಸೂರು ಸಂಸ್ಥಾನದ ಗಡಿಯನ್ನು ಮುಟ್ಟುವ, ತಮಿಳಿನೊಡನೆ ಕನ್ನಡ ತೆಲುಗುಗಳೂ ಮನೆಮಾತಾಗಿದ್ದ ವಿಸ್ತಾರವಾದ ಸೀಮೆ. ಸೇಲಂ ಪಟ್ಟಣದ ನೇಕಾರರಲ್ಲಿ ಚೌಡೇಶ್ವರಿಯನ್ನು ಕುಲದೇವತೆಯಾಗಿ ಆರಾಧಿಸುವ ಕನ್ನಡ ಮನೆಮಾತಿನ ದೇವಾಂಗರು ಇಂದಿಗೂ ಇದ್ದಾರೆ. ಕಾವೇರಿಯ ಜಲಪಾತದ ಹೊಗೇನಕಲ್ ಎಂಬ ಹೆಸರಿನಲ್ಲಿ ಕನ್ನಡದ ಹೊಗೆಯೂ ಕಲ್ಲೂ ಇನ್ನೂ ಕೇಳಿಸುತ್ತವೆ.

ಈ ಸೀಮೆಯ ಗ್ರಾಮದೈವಗಳಲ್ಲಿ ಮುನಿಯಪ್ಪನಿಗೆ ವಿಶೇಷ ಸ್ಥಾನ. ಊರ ಹೊರಗೆ, ಕೆರೆ ಏರಿಯ ಬಳಿ, ಮರದಡಿಯಲ್ಲಿ ನೆಲೆಸುವ ಈ ಕಾವಲು ದೈವಕ್ಕೆ ಕುರಿ, ಕೋಳಿಗಳೊಡನೆ ಸಾರಾಯಿಯನ್ನೂ ಸುರುಟ್ಟನ್ನೂ ಹರಕೆಯಾಗಿ ಒಪ್ಪಿಸುವ ರೂಢಿಯಿದೆ. ಅರ್ಪಿಸಿದುದನ್ನು ಬಂದವರು ಹಂಚಿಕೊಳ್ಳುತ್ತಾರೆ. ಇಲ್ಲಿ ಕುಡಿತ ಭಕ್ತಿಯನ್ನು ಕೆಡಿಸಿತೆಂದು ಹೇಳುವಂತಿಲ್ಲ. ಅದು ಪೂಜಾದ್ರವ್ಯಗಳಲ್ಲಿ ಒಂದು. ಅಂಗಭೋಗ ರಂಗಭೋಗಗಳ ಮಡಿವಂತ ರೂಪ ದೊಡ್ಡ ದೇವಾಲಯದಲ್ಲಿ. ಅದರ ಒರಟು ರೂಪ ಮುನಿಯಪ್ಪನ ಕಟ್ಟೆಯ ಮೇಲೆ. ಎರಡರಲ್ಲಿಯೂ ಸಾಮಾನ್ಯವಾದದ್ದು ಒಂದು ಕಟ್ಟಳೆ: ದಿನ ಗೊತ್ತು, ಸ್ಥಳ ಗೊತ್ತು, ಜೊತೆಗಾರರು ಗೊತ್ತು.

ಸೇಲಂ ಜಿಲ್ಲೆಯಲ್ಲಿಯೇ ‘ತಲೈವೆಟ್ಟಿ ಮುನಿಯಪ್ಪನ್’ ಎಂಬ ದೈವವಿದೆ. ಆ ಮೂರ್ತಿ ಮೂಲತಃ ಬುದ್ಧನದೆಂದು ಪುರಾತತ್ತ್ವ ತಜ್ಞರ ಪರಿಶೀಲನೆಯ ಆಧಾರದ ಮೇಲೆ ಮದ್ರಾಸ್ ಉಚ್ಚ ನ್ಯಾಯಾಲಯ ೨೦೨೨ರಲ್ಲಿ ತೀರ್ಮಾನಿಸಿತು. ತೃಷ್ಣೆಯೇ ದುಃಖದ ಮೂಲವೆಂದ ಮಹಾತ್ಮನ ವಿಗ್ರಹವನ್ನು ಜನರು ಮುನಿಯಪ್ಪನೆಂದು ಪೂಜಿಸುತ್ತ ಬಂದಿದ್ದರು. ತ್ಯಾಗದ ಧರ್ಮ ಅಳಿದರೂ ಕಲ್ಲು ಉಳಿಯಿತು. ಕಲ್ಲಿಗೆ ಕೈಮುಗಿಯುವ ಶ್ರದ್ಧೆಯೂ ಉಳಿಯಿತು. ಶ್ರದ್ಧೆಯೆಂಬುದು ಪ್ರಬಂಧಕಾರರು ಭಾವಿಸುವುದಕ್ಕಿಂತ ಗಟ್ಟಿ ಜೀವದ್ದು.

ಹಾಗಾದರೆ ಭೋಗದಿಂದ ಕೆಡುವುದು ಏನು? ಇದಕ್ಕೆ ಉತ್ತರ ಹಬ್ಬದ ಕಟ್ಟೆಯಲ್ಲಿಲ್ಲ, ಅಂಗಡಿಯಲ್ಲಿದೆ.

ಹತ್ತೊಂಬತ್ತನೆಯ ಶತಮಾನದ ಅಬಕಾರಿ ವ್ಯವಸ್ಥೆ ಮದ್ಯವನ್ನು ಸರ್ಕಾರದ ಆದಾಯದ ಮೂಲವಾಗಿ ರೂಪಿಸಿತು. ೧೮೮೬ರ ಮದ್ರಾಸ್ ಅಬಕಾರಿ ಕಾಯಿದೆಯ ಕಾಲಕ್ಕೆ ಈ ವ್ಯವಸ್ಥೆ ಬಲವಾಗಿ ನೆಲೆಗೊಂಡಿತ್ತು. ಹೆಂಡ ಇಳಿಸುವ ಮರಕ್ಕೆ ತೆರಿಗೆ, ಮಾರುವ ಅಂಗಡಿಗೆ ಹರಾಜು. ಹರಾಜಿನಲ್ಲಿ ಹೆಚ್ಚು ಕೂಗಿದ ಗುತ್ತಿಗೆದಾರ ತನ್ನ ಹಣವನ್ನು ಹಿಂಪಡೆಯಬೇಕಾದರೆ ಅಂಗಡಿ ನಿತ್ಯವೂ ತೆರೆದಿರಬೇಕು, ಕುಡಿಯುವವನು ನಿತ್ಯವೂ ಬರಬೇಕು. ಜಾತ್ರೆಯ ದಿನದ ಮಾದಕ ಪೇಯ ಕೂಲಿಯ ದಿನದ ಪೇಯವಾಯಿತು. ಮುನಿಯಪ್ಪನ ಕಟ್ಟೆಯಲ್ಲಿ ಕುಟುಂಬವೆಲ್ಲ ನೆರೆದಿರುತ್ತಿತ್ತು; ಅಂಗಡಿಯೆದುರು ಗಂಡಸೊಬ್ಬನೇ ನಿಂತ. ಸಂಜೆಯ ಸುಖ ಅವನದು, ಅದರ ಬೆಲೆ ಮನೆಯಲ್ಲಿ ಒಲೆಯ ಮುಂದೆ ಕಾಯುತ್ತಿದ್ದವರದು. ಬಾಂಧವ್ಯ ಸಡಿಲಗೊಂಡದ್ದು ಈ ಬಿರುಕಿನಲ್ಲಿ. ಅವನೂ ಮರುದಿನ ಮಾರಿಯಮ್ಮನ ಗುಡಿಯ ಮುಂದೆ ಹಾದುಹೋಗುವಾಗ ಕೈಮುಗಿಯದೆ ಇರುತ್ತಿರಲಿಲ್ಲ.

ಈ ಬಿರುಕನ್ನು ಕಂಡು ಮರುಗಿದವರಲ್ಲಿ ಇಬ್ಬರು ಇಲ್ಲಿ ಪ್ರಸ್ತುತರು. ಇಬ್ಬರನ್ನೂ ಒಟ್ಟಿಗೆ ನೋಡಿದಾಗ ಶ್ರದ್ಧೆ ಮತ್ತು ಬಾಂಧವ್ಯಗಳ ಸಂಬಂಧ ಇನ್ನಷ್ಟು ಜಟಿಲವಾಗುತ್ತದೆ.

ಮೊದಲನೆಯವರು ಈರೋಡಿನ ಇ.ವಿ. ರಾಮಸ್ವಾಮಿ, ಮುಂದೆ ಪೆರಿಯಾರ್ ಎಂದು ಪ್ರಸಿದ್ಧರಾದವರು. ಅವರ ಮನೆಮಾತು ಕನ್ನಡ. ಅಸಹಕಾರ ಚಳವಳಿಯ ಕಾಲದಲ್ಲಿ, ೧೯೨೧ರ ಸುಮಾರಿಗೆ, ಹೆಂಡದ ವಿರುದ್ಧದ ಹೋರಾಟದ ಅಂಗವಾಗಿ ಸೇಲಂ ಬಳಿಯ ತಾತಂಪಟ್ಟಿಯಲ್ಲಿದ್ದ ತಮ್ಮ ತೋಟದ ಐನೂರಕ್ಕೂ ಹೆಚ್ಚು ತೆಂಗಿನ ಮರಗಳನ್ನು ಅವರು ಕಡಿಸಿಹಾಕಿದರು. ಅವರ ಪತ್ನಿ ನಾಗಮ್ಮೈ ಮತ್ತು ಸೋದರಿ ಕಣ್ಣಮ್ಮಾಳ್ ಈರೋಡಿನಲ್ಲಿ ಹೆಂಡದಂಗಡಿಗಳ ಮುಂದೆ ಧರಣಿ ಕುಳಿತರು. ಎರಡನೆಯವರು ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ೧೮೭೮ರಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಸೇಲಂನಲ್ಲಿ ವಕೀಲಿ ನಡೆಸಿ, ಅಲ್ಲಿನ ಪುರಸಭೆಯ ಅಧ್ಯಕ್ಷರೂ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿ. ೧೯೨೫ರಲ್ಲಿ ಅವರು ತಿರುಚ್ಚೆಂಗೋಡಿನ ಬಳಿಯ ಪುದುಪಾಳ್ಯದಲ್ಲಿ ಗಾಂಧಿ ಆಶ್ರಮವನ್ನು ಸ್ಥಾಪಿಸಿದರು; ೧೯೨೯ರಲ್ಲಿ ಪಾನವಿರೋಧಕ್ಕೆಂದೇ ‘ವಿಮೋಚನಂ’ ಎಂಬ ತಮಿಳು ಪತ್ರಿಕೆಯನ್ನು ಹೊರಡಿಸಿದರು.

ರಾಜಾಜಿ ಗೀತೆ–ಉಪನಿಷತ್ತುಗಳನ್ನು ಜನಸಾಮಾನ್ಯರಿಗೆ ತಿಳಿಯಹೇಳಿದ ಆಸ್ತಿಕರು. ಪೆರಿಯಾರ್ ದೇವರನ್ನೂ ಧರ್ಮವನ್ನೂ ಬಹಿರಂಗವಾಗಿ ನಿರಾಕರಿಸುವ ಹಾದಿ ಹಿಡಿದವರು. ಭೋಗವಿರೋಧ ಶ್ರದ್ಧೆಯ ಫಲವೇ ಆಗಿದ್ದರೆ ತಾತಂಪಟ್ಟಿಯ ಮರಗಳನ್ನು ಕಡಿಸಿದವರು ಮುಂದೆ ನಾಸ್ತಿಕರಾಗಿ ಬೆಳೆದದ್ದನ್ನು ಹೇಗೆ ವಿವರಿಸುವುದು? ಮಾತು ಇಲ್ಲಿಗೇ ಮುಗಿಯುವುದಿಲ್ಲ. ಕಾನೂನಿನ ಬಲದಿಂದ ಪಾನನಿಷೇಧವನ್ನು ಹೇರುವುದನ್ನು ಪೆರಿಯಾರ್ ಅನಂತರದ ವರ್ಷಗಳಲ್ಲಿ ಕಟುವಾಗಿ ಟೀಕಿಸಿದರು. ತನ್ನ ಮರವನ್ನು ತಾನು ಕಡಿಯುವುದು ಬೇರೆ, ಇನ್ನೊಬ್ಬನ ಮಡಕೆಯನ್ನು ಪೊಲೀಸರಿಂದ ಒಡೆಸುವುದು ಬೇರೆ ಎಂಬ ವ್ಯತ್ಯಾಸವನ್ನು ಅಲ್ಲಿ ಗುರುತಿಸಬಹುದು.

೧೯೩೭ರ ಜುಲೈಯಲ್ಲಿ ರಾಜಾಜಿ ಮದ್ರಾಸ್ ಪ್ರಾಂತದ ಪ್ರಧಾನರಾದರು. ಪ್ರಾಂತದ ಆದಾಯದ ಬಹುದೊಡ್ಡ ಪಾಲು ಅಬಕಾರಿಯಿಂದ ಬರುತ್ತಿದ್ದುದರಿಂದ ಒಂದೇ ಬಾರಿಗೆ ಎಲ್ಲೆಡೆ ನಿಷೇಧಿಸುವುದು ಅಸಾಧ್ಯವಿತ್ತು. ಅವರು ತಮ್ಮ ತವರು ಜಿಲ್ಲೆಯನ್ನೇ ಮೊದಲು ಆರಿಸಿಕೊಂಡರು. ೧೯೩೭ರ ಅಕ್ಟೋಬರ್ ೧ರಂದು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ಜಾರಿಗೆ ಬಂತು. ಕಾಯಿದೆಯನ್ನು ನಡೆಸುವ ಹೊಣೆ ಜಿಲ್ಲಾ ಕಲೆಕ್ಟರ್ ಎ.ಎಫ್.ಡಬ್ಲ್ಯು. ಡಿಕ್ಸನ್ ಅವರದಾಯಿತು. ಗಾಂಧೀಜಿಯವರು ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಈ ಪ್ರಯೋಗವನ್ನು ಆಸಕ್ತಿಯಿಂದ ಗಮನಿಸಿದರು. ಇದರ ಆರ್ಥಿಕ ಪರಿಣಾಮಗಳ ಸಮೀಕ್ಷೆಯನ್ನು ಅಣ್ಣಾಮಲೈ ವಿಶ್ವವಿದ್ಯಾಲಯ ಕೈಗೊಂಡಿತು.

ಇಡೀ ಪ್ರಸಂಗದಲ್ಲಿ ಅಧ್ಯಯನಕ್ಕೆ ಯೋಗ್ಯವಾದ ಭಾಗ ಮುಂದಿನದು. ಅಂಗಡಿ ಮುಚ್ಚಿದೊಡನೆ ಸಂಜೆ ಖಾಲಿಯಾಯಿತು. ಕುಡಿಯುವವನಿಗೆ ಹೆಂಡದೊಡನೆ ನಾಲ್ಕು ಜನರ ಮಾತು, ನಗೆ, ಕೂತು ದಣಿವಾರಿಸಿಕೊಳ್ಳುವ ಜಾಗ ಸಿಗುತ್ತಿದ್ದವು, ಅವೂ ಇಲ್ಲವಾದವು. ಆಡಳಿತ ಇದನ್ನು ಬೇಗನೆ ಅರ್ಥಮಾಡಿಕೊಂಡಿತು. ಊರೂರುಗಳಲ್ಲಿ ಭಜನೆ, ನಾಟಕ, ಆಟೋಟಗಳಿಗೆ ಉತ್ತೇಜನ ದೊರೆಯಿತು, ಚಹದಂಗಡಿಗಳು ತಲೆಯೆತ್ತಿದವು. ಒಂದು ಭೋಗವನ್ನು ತೆಗೆದವರು ಇನ್ನೊಂದು ಭೋಗವನ್ನು ತಂದಿಡಬೇಕಾಯಿತು. (ಕಾಫಿಯೂ ಆ ಕಾಲದ ತಮಿಳುನಾಡಿನ ನೀತಿವಾದಿಗಳ ಕಣ್ಣಿನಲ್ಲಿ ಸಮಾಜವನ್ನು ಕೆಡಿಸುವ ಹೊಸ ಚಟವೇ ಆಗಿತ್ತು. ಇಂದು ಕಾಫಿಯಿಂದ ಶ್ರದ್ಧೆ ಕುಂದಿತೆಂದು ಯಾರೂ ಪ್ರಬಂಧ ಬರೆಯುವುದಿಲ್ಲ.) ಭಜನೆಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ದೈವಭಕ್ತಿ ಕುಂದಿತ್ತೆಂದು ಅದನ್ನು ತರಲಿಲ್ಲ. ಜನರನ್ನು ಒಂದೆಡೆ ಕೂಡಿಸಲು ಒಂದು ನೆಪ ಬೇಕಿತ್ತೆಂದು ತಂದರು. ಕಟ್ಟಬೇಕಾಗಿದ್ದುದು ಸಂಘ, ಅದಕ್ಕೆ ಬಳಕೆಯಾದ ಸಾಮಗ್ರಿ ಶ್ರದ್ಧೆ.

ಮೊದಲ ವರ್ಷಗಳ ಅಧಿಕಾರಿಗಳ ವರದಿಗಳು ಬಡ ಮನೆಗಳಲ್ಲಿ ಊಟ–ಬಟ್ಟೆ ಸುಧಾರಿಸಿದವು, ಬೀದಿ ಜಗಳಗಳು ತಗ್ಗಿದವು ಎಂಬರ್ಥದ ಚಿತ್ರವನ್ನು ಕೊಟ್ಟವು. ಆಳುವವರ ಉತ್ಸಾಹ ಅವುಗಳಲ್ಲಿ ಬೆರೆತಿರಬಹುದೆಂಬ ಎಚ್ಚರದೊಡನೆಯೇ ಅವನ್ನು ಓದಬೇಕು. ಆದರೂ ಕುಡಿಯುವವನ ಮನೆಯವರಿಗೆ ನೆಮ್ಮದಿ ದೊರೆಯಿತೆಂಬ ಮಾತನ್ನು ತಳ್ಳಿಹಾಕಲು ಕಾರಣವಿಲ್ಲ.

ಇನ್ನೊಂದು ಮಗ್ಗುಲು ಇಷ್ಟು ಸುಖಕರವಲ್ಲ. ಮರ ಹತ್ತಿ ಹೆಂಡ ಇಳಿಸಿ ಬದುಕುತ್ತಿದ್ದವರ ಕಸುಬು ಒಂದು ದಿನದಲ್ಲಿ ಅಪರಾಧವಾಯಿತು. ಮಡಕೆಗೆ ಸುಣ್ಣ ಬಳಿದು ಹುಳಿಯಾಗದಂತೆ ಸಿಹಿರಸವನ್ನು ಇಳಿಸಿ ಬೆಲ್ಲ ಕಾಯಿಸುವುದಕ್ಕೆ ಅವಕಾಶವಿತ್ತಾದರೂ, ಹೆಂಡದಷ್ಟು ಸುಲಭದ ಗಳಿಕೆ ಅದರಲ್ಲಿರಲಿಲ್ಲ. ಗಡಿಯಾಚೆ ಮೈಸೂರು ಸಂಸ್ಥಾನದಲ್ಲಿ ಇಂಥ ನಿಷೇಧವಿರಲಿಲ್ಲ. ಕಳ್ಳಬಟ್ಟಿಯ ಸಮಸ್ಯೆ ಪಾನನಿಷೇಧವನ್ನು ಎಲ್ಲೆಡೆಯೂ ನೆರಳಿನಂತೆ ಹಿಂಬಾಲಿಸಿತು. ನೆರೆಯವನು ನೆರೆಯವನ ಮೇಲೆ ದೂರು ಕೊಡಬೇಕಾದ ಪರಿಸ್ಥಿತಿಯೂ ಬಾಂಧವ್ಯಕ್ಕೆ ಹಿತವಾದುದಲ್ಲ. ಒಂದು ಮನೆಯ ಬಾಂಧವ್ಯವನ್ನು ಉಳಿಸುವ ಕಾನೂನು ಇನ್ನೊಂದು ಮನೆಯ ಅನ್ನವನ್ನು ಕಸಿದುಕೊಂಡಿತೆಂಬುದನ್ನು ಮರೆತು ಬರೆದ ಉತ್ತರ ಅರ್ಧ ಉತ್ತರ.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ನಷ್ಟವಾದ ಆದಾಯವನ್ನು ತುಂಬಿಕೊಳ್ಳಲು ೧೯೩೯ರಲ್ಲಿ ಮದ್ರಾಸ್ ಸರ್ಕಾರ ಸಾಮಾನ್ಯ ಮಾರಾಟ ತೆರಿಗೆಯನ್ನು ತಂದಿತು. ಭಾರತದಲ್ಲಿ ಅಂಥ ತೆರಿಗೆಗೆ ಅದೇ ಮೊದಲು. ಯುದ್ಧಕಾಲದಲ್ಲಿ ಅಮಾನತುಗೊಂಡ ನಿಷೇಧ ಸ್ವಾತಂತ್ರ್ಯಾನಂತರ, ೧೯೪೮ರಲ್ಲಿ, ಇಡೀ ಪ್ರಾಂತಕ್ಕೆ ವ್ಯಾಪಿಸಿತು. ೧೯೭೧ರಲ್ಲಿ ತಮಿಳುನಾಡು ಸರ್ಕಾರ ಅದನ್ನು ಸಡಿಲಿಸಲು ನಿರ್ಧರಿಸಿದಾಗ, ತೊಂಬತ್ತೆರಡು ವರ್ಷದ ರಾಜಾಜಿ ಸುರಿಯುವ ಮಳೆಯಲ್ಲಿ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೆ ಹೋಗಿ ಬೇಡವೆಂದು ಕೇಳಿಕೊಂಡರು. ಮಾತು ನಡೆಯಲಿಲ್ಲ. ೧೯೮೩ರಲ್ಲಿ ‘ಟಾಸ್ಮಾಕ್’ ಎಂಬ ಸರ್ಕಾರಿ ನಿಗಮ ಸ್ಥಾಪನೆಯಾಯಿತು. ೨೦೦೩ರಿಂದ ಚಿಲ್ಲರೆ ಮದ್ಯಮಾರಾಟವೂ ಅದರ ಕೈಗೇ ಬಂತು. ಸೇಲಂ ಜಿಲ್ಲೆಯ ಗಾಂಧಿವಾದಿ ಶಶಿಪೆರುಮಾಳ್ ಮದ್ಯದಂಗಡಿಗಳ ವಿರುದ್ಧ ವರ್ಷಗಟ್ಟಲೆ ಉಪವಾಸ, ಸತ್ಯಾಗ್ರಹಗಳನ್ನು ನಡೆಸಿ, ೨೦೧೫ರ ಜುಲೈ ೩೧ರಂದು ಕನ್ಯಾಕುಮಾರಿ ಜಿಲ್ಲೆಯಲ್ಲಿ ಅಂಗಡಿಯೊಂದನ್ನು ತೆರವುಗೊಳಿಸಬೇಕೆಂದು ಮೊಬೈಲ್ ಗೋಪುರವನ್ನು ಏರಿ ಪ್ರತಿಭಟಿಸುತ್ತಿದ್ದಾಗ ಮೃತರಾದರು. ಈ ಎಲ್ಲ ದಶಕಗಳಲ್ಲಿ ಸೇಲಂನ ಕೋಟೆ ಮಾರಿಯಮ್ಮನ ಆಷಾಢದ ಹಬ್ಬ ನಿಲ್ಲಲಿಲ್ಲ, ಆಡಿ ತಿಂಗಳ ಹದಿನೆಂಟರಂದು ಹೊಗೇನಕಲ್ಲಿನ ಹೊಳೆಗೆ ಬರುವವರ ಸಂದಣಿಯೂ ಕರಗಲಿಲ್ಲ. ಅಲ್ಲಿ ಪುಣ್ಯಸ್ನಾನ, ಎಣ್ಣೆ ಮಾಲೀಸು, ಹುರಿದ ಮೀನು ಮೂರೂ ಒಂದೇ ದಡದ ಮೇಲೆ ನಡೆಯುತ್ತವೆ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಈ ನಿದರ್ಶನದಿಂದ ಪಠ್ಯಗಳತ್ತ ಮರಳುವ ದಾರಿ ಕಾಣಬೇಕು. ಚಂಪೂಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಜಿನಭಕ್ತನಾದ ಪಂಪ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಾನಗೋಷ್ಠಿಯನ್ನು ಹಿಂಜರಿಯದೆ ಚಿತ್ರಿಸಿದ್ದಾನೆ. ‘ಆದಿಪುರಾಣ’ದಲ್ಲಿ ವಜ್ರಜಂಘ–ಶ್ರೀಮತಿಯರು ತಮ್ಮ ಶಯ್ಯಾಗೃಹದಲ್ಲಿ, ಸುಖಕ್ಕೆಂದೇ ಹಾಕಿಸಿದ ಧೂಪದ ಹೊಗೆಯಿಂದ ಉಸಿರುಗಟ್ಟಿ ಸಾಯುತ್ತಾರೆ. ಭೋಗಸಾಮಗ್ರಿಯೇ ಕೊಂದಿತೆಂಬ ನೀತಿ ಎದ್ದು ಕಾಣುವಂಥದು. ಆದರೆ ಪಂಪ ಅಲ್ಲಿಗೇ ನಿಲ್ಲುವುದಿಲ್ಲ. ಮುನಿಗಳಿಗೆ ಆಹಾರದಾನ ಮಾಡಿದ ಪುಣ್ಯದಿಂದ ಆ ದಂಪತಿಗಳು ಮರಳಿ ಹುಟ್ಟುವುದು ಭೋಗಭೂಮಿಯಲ್ಲಿ, ಮತ್ತೆ ಜೊತೆಯಾಗಿಯೇ. ಹಂಚಿ ಉಂಡವರ ಬಾಂಧವ್ಯ ಭೋಗದಿಂದ ಸಡಿಲವಾಗಲಿಲ್ಲ, ಜನ್ಮಾಂತರಕ್ಕೂ ಸಾಗಿತು. ನೀಲಾಂಜನೆಯ ಪ್ರಸಂಗದಲ್ಲಂತೂ ವೈರಾಗ್ಯದ ಬಾಗಿಲು ತೆರೆಯುವುದೇ ನೃತ್ಯಭೋಗದ ನಡುವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನಿದ್ದಾನೆ. ಹೆಂಡ ಮಾರುವ ಕಾಯಕದವನಾದ ಅವನನ್ನು ಶರಣರು ಹೊರಗಿಡಲಿಲ್ಲ. ಅವನ ಕಸುಬಿನ ಪರಿಭಾಷೆಯೇ ವಚನಗಳ ಪರಿಭಾಷೆಯಾಯಿತು.

ಸೇಲಂನಲ್ಲಿ ಅಂಗಡಿ ಮುಚ್ಚಿದ ಆ ೧೯೩೦ರ ದಶಕದಲ್ಲಿಯೇ ಇತ್ತ ಮೈಸೂರು ಸೀಮೆಯಲ್ಲಿ ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಜನಪ್ರಿಯವಾಗುತ್ತಿದ್ದವು. ಆ ಪದಗಳನ್ನು ಹಾಡುವವನು ಹೆಂಡಕುಡುಕ ರತ್ನ. ಅವುಗಳಲ್ಲಿ ಹೆಸರಾಂತ ಪದ್ಯವೊಂದರಲ್ಲಿ ದೇವರೇ ಎದುರು ಬಂದು ಒಂದೊಂದನ್ನಾಗಿ ಬಿಡೆಂದು ಕೇಳುವ ಸನ್ನಿವೇಶವನ್ನು ಅವನು ಕಲ್ಪಿಸಿಕೊಳ್ಳುತ್ತಾನೆ. ಹೆಂಡವನ್ನು ಬಿಡಲು ಒಪ್ಪುತ್ತಾನೆ. ಹೆಂಡತಿಯನ್ನು ಬಿಡೆಂದರೂ ತಮಾಷೆಯಾಗಿ ಒಪ್ಪುತ್ತಾನೆ. ಕನ್ನಡವನ್ನು ಬಿಡೆಂದಾಗ ಮಾತ್ರ ದೇವರ ಮೇಲೆಯೇ ತಿರುಗಿ ನಿಲ್ಲುತ್ತಾನೆ. ಸಾಮಾನ್ಯವಾಗಿ ಈ ಪದ್ಯವನ್ನು ಭಾಷಾಭಿಮಾನದ ಉದಾಹರಣೆಯಾಗಿ ಪಾಠ ಮಾಡುವುದುಂಟು. ಪ್ರಸ್ತುತ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಓದಿದರೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕುಡುಕ ರತ್ನನಿಗೆ ದೇವರಿದ್ದಾನೆಂಬುದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ. ಎದುರು ಬಂದರೆ ಜಗಳವಾಡುವಷ್ಟು ಸಲಿಗೆಯಿದೆ. ನಗುನಗುತ್ತ ಕೈಬಿಟ್ಟುಹೋದದ್ದು ಸಂಸಾರ. ಆ ಪದ್ಯದಲ್ಲಿ ದೇವರು ಮಾತಾಡುತ್ತಾನೆ, ರತ್ನ ಮಾತಾಡುತ್ತಾನೆ, ಹೆಂಡತಿ ಮಾತಾಡುವುದಿಲ್ಲ.